ಮರುದಾಯಿಗೆ ಸನ್ಮಾನ

2026ರ ಜನವರಿ 17, ಶನಿವಾರ, ಬೆಳಿಗ್ಗೆ 9 ಗಂಟೆ 40 ನಿಮಿಷಕ್ಕೆ ಇಪ್ಪತ್ತಮೂರನೆಯ ಡಬ್ಬವನ್ನು ತಕ್ಕಡಿಯ ಮೇಲಿಟ್ಟೆ. 4.880 ಕೆಜಿ ತೋರಿಸಿತು. ಹಿಂದಿನ ದಿನ ಮಧ್ಯಾಹ್ನ ನಾನೇ ಟೇಪು ಹಚ್ಚಿ, ತೂಗಿ, ವಹಿಯಲ್ಲಿ ಬರೆದ ತೂಕ 4.610. ರಟ್ಟಿನ ಡಬ್ಬ ಒಂದು ರಾತ್ರಿಯಲ್ಲಿ ಎಷ್ಟೇ ತೇವ ಹೀರಿದರೂ 270 ಗ್ರಾಂ ಹೀರುವುದಿಲ್ಲ. ಇಳಿಸಿ, ತಕ್ಕಡಿಯನ್ನು ಸೊನ್ನೆಗೆ ತಂದು, ಮತ್ತೆ ಇಟ್ಟೆ. ಅದೇ 4.880.

ಇಪ್ಪತ್ತೆಂಟು ವರ್ಷ ಒಂದು ಔಷಧ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ಕೆಲಸ ಮಾಡಿದವಳು ನಾನು. ತೂಕ ತಾನಾಗಿ ಬದಲಾಗುವುದಿಲ್ಲ, ಯಾರೋ ಬದಲಾಯಿಸಿರುತ್ತಾರೆ. ಡಬ್ಬವನ್ನು ತಿರುಗಿಸಿ ಅಡಿಭಾಗ ನೋಡಿದೆ. ನನ್ನ ಟೇಪಿನ ಮೇಲೆ ಇನ್ನೊಂದು ಟೇಪು ಹಚ್ಚಿತ್ತು.

ಪುಣೆಯ ವಿಮಾನ ನಗರದಲ್ಲಿ ನಮ್ಮ ಕನ್ನಡ ಸಂಘ ಬಾಡಿಗೆಗೆ ಹಿಡಿದ ಸಭಾಂಗಣ ಅದು. ಗೋಡೆಗುಂಟ ಮೂವತ್ತೆಂಟು ಡಬ್ಬಗಳಿದ್ದವು. ಮಧ್ಯಾಹ್ನ ಒಂದು ಗಂಟೆಗೆ ಲಾರಿ ಬಂದು ಅವನ್ನು ಮುಂಬೈಗೆ ಒಯ್ಯಬೇಕಿತ್ತು. ಅಲ್ಲಿಂದ ವಿಮಾನದಲ್ಲಿ ಕೊಲಂಬೊ, ಅಲ್ಲಿಂದ ರಸ್ತೆ ಎಷ್ಟು ಉಳಿದಿದೆಯೋ ಅಷ್ಟರಲ್ಲಿ ಗುಡ್ಡ ಹತ್ತಿ ಒಂದು ಶಾಲೆ. ನವೆಂಬರಿನ ಬಿರುಗಾಳಿಯಲ್ಲಿ ಗುಡ್ಡ ಕುಸಿದು, ಚಹಾ ತೋಟದ ಕೂಲಿಗಳ ಸಾಲುಮನೆಗಳು ಮಣ್ಣಿನಡಿ ಹೋದಾಗ ಬದುಕಿ ಉಳಿದ ಮೂವತ್ತೆಂಟು ಮಂದಿ ವೃದ್ಧರು ಆ ಶಾಲೆಯ ತರಗತಿಗಳಲ್ಲಿ ಮಲಗಿದ್ದರು. ವಿಮಾನ ಕಂಪನಿಯೊಂದು 190 ಕೆಜಿಗೆ ಬಿಟ್ಟಿ ಜಾಗ ಕೊಟ್ಟಿತ್ತು. ಒಬ್ಬರಿಗೆ ಐದು ಕೆಜಿ.

ಹಣ ಕಳಿಸಿದರೆ ಅಲ್ಲಿಯವರೇ ಕೊಳ್ಳುತ್ತಾರೆ ಎಂದು ಮೊದಲ ಸಭೆಯಲ್ಲೇ ಹೇಳಿದ್ದೆ. ಹಣದ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಲು ಬರುವುದಿಲ್ಲ, ಆದ್ದರಿಂದ ಡಬ್ಬ ಎಂದು ತೀರ್ಮಾನವಾಯಿತು. ಆಗಲಿ, ಡಬ್ಬವಾದರೆ ಅವರು ಕೇಳಿದ್ದನ್ನೇ ತುಂಬೋಣ ಎಂದು ನಾನು ಹಟ ಹಿಡಿದೆ. ಆ ಶಾಲೆಯಲ್ಲಿ ಅವರನ್ನು ನೋಡಿಕೊಳ್ಳುತ್ತಿದ್ದ ನರ್ಸ್ ಪುಷ್ಪರಾಣಿಯ ಫೋನಿಗೆ ಮೂರು ವಾರ ದಿನವೂ ಕರೆ ಮಾಡಿದೆವು. ಮಾತಾಡುತ್ತಿದ್ದವರು ನಮ್ಮ ಮುನಿಸ್ವಾಮಿ. ಕೋಲಾರದ ಕಡೆಯವರು, ತಮಿಳು ಚೆನ್ನಾಗಿ ಬರುತ್ತದೆ. ಬರೆದುಕೊಳ್ಳುತ್ತಿದ್ದವಳು ನಾನು. ಒಬ್ಬರು ಬಿಸಿನೀರಿನ ಚೀಲ ಕೇಳಿದರು. ಒಬ್ಬರು ಎಡಗಾಲಿನ ಚಪ್ಪಲಿ ಮಾತ್ರ ಸಾಕು ಎಂದರು. ಒಬ್ಬಾಕೆ ರೇಡಿಯೊ ಕೇಳಿ, ಆಮೇಲೆ ತಾವೇ ಫೋನು ಮಾಡಿಸಿ, ಅದು ದುಬಾರಿಯಾದರೆ ಬೇಡ ಎಂದರು.

ಇಪ್ಪತ್ತಮೂರನೆಯ ಡಬ್ಬ ಮರುದಾಯಿ ಅವರದು. ವಯಸ್ಸು 79, ತೂಕ 33 ಕೆಜಿ. ಗೋಡೆ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಮಗ್ಗುಲಾಗಲು ಆಗದೆ ಅಂಗಾತ ಮಲಗಿದ್ದರು. ಏನು ಬೇಕಮ್ಮಾ ಎಂದು ಮುನಿಸ್ವಾಮಿ ಮೂರು ಸಲ ಕೇಳಿದರು. ಮೂರು ಸಲವೂ ಏನೂ ಬೇಡ ಎಂದರು. ಅರ್ಧ ಗಂಟೆಯ ಮೇಲೆ ಪುಷ್ಪರಾಣಿ ನನಗೊಬ್ಬಳಿಗೇ ಇಂಗ್ಲಿಷಿನಲ್ಲಿ ಸಂದೇಶ ಬರೆದಳು. ದೊಡ್ಡವರ ಡಯಾಪರ್ ಬೇಕು, ಸಣ್ಣ ಸೈಜು, ಗಂಡಸಿನ ಹತ್ತಿರ ಹೇಳಲು ಅವರಿಗೆ ನಾಚಿಕೆ. ಒದ್ದೆಯಲ್ಲೇ ಮಲಗಿ ಬೆನ್ನಿನ ಕೆಳಗೆ ಚರ್ಮ ಕೆಂಪಾಗಿದೆ. ಬೆರಳಿನಿಂದ ಒತ್ತಿದರೆ ಬಿಳಿಯಾಗುತ್ತಿಲ್ಲ, ಅಂದರೆ ಹುಣ್ಣಿನ ಮೊದಲ ಹಂತ. ಇನ್ನೂ ಒಡೆದಿಲ್ಲ. ಸರಕಾರದ ಸರಬರಾಜು ಬರುವುದು ಫೆಬ್ರವರಿಯಲ್ಲಿ. ಅಲ್ಲಿಯವರೆಗೆ ಒಡೆಯದಂತೆ ಕಾಯಬೇಕು.

ಆಮೇಲೆ ಉಳಿದವರನ್ನೂ ಪುಷ್ಪರಾಣಿಯ ಮೂಲಕ ಮತ್ತೆ ಕೇಳಿಸಿದೆ. ಮರುದಾಯಿ ಸೇರಿ ಹದಿನಾಲ್ಕು ಮಂದಿಗೆ ಅದೇ ಬೇಕಾಗಿತ್ತು. ಹದಿಮೂರು ಮಂದಿಯ ಸೈಜು ಪುಣೆಯ ಯಾವ ಮೆಡಿಕಲ್‌ನಲ್ಲಾದರೂ ಸಿಗುತ್ತದೆ. ಮರುದಾಯಿಯ ಸೈಜನ್ನು ಯಾರೂ ಇಡುವುದಿಲ್ಲ. ಬಾರಾಮತಿಯ ಸಗಟು ವ್ಯಾಪಾರಿಯೊಬ್ಬನಿಂದ ತರಿಸಲು ಒಂಬತ್ತು ದಿನ ಬೇಕಾಯಿತು. ಹತ್ತರ ಎರಡು ಪಾಕೀಟು, ದಿನಕ್ಕೆ ಎರಡರಂತೆ ಹತ್ತು ದಿನಕ್ಕೆ.

ಕತ್ತರಿಯಿಂದ ಟೇಪು ಸೀಳಿ ಡಬ್ಬ ತೆಗೆದೆ. ಎಲ್ಲಕ್ಕಿಂತ ಮೇಲೆ ಒಂದು ಶಾಲು, ಜರಿ ಅಂಚಿನದು, 340 ಗ್ರಾಂ. ಅದರೊಳಗೆ ಸುತ್ತಿಟ್ಟ ಮರದ ಸ್ಮರಣಿಕೆ, 980 ಗ್ರಾಂ. ಅದರಲ್ಲಿ ಭುವನೇಶ್ವರಿಯ ಚಿತ್ರ, ಚಿತ್ರದ ಮೇಲೆ ಗಾಜು, ಕೆಳಗೆ ‘ಹಿರಿಯ ಜೀವಕ್ಕೆ ಪುಣೆ ಕನ್ನಡಿಗರ ಸನ್ಮಾನ’ ಎಂಬ ಬರಹ, ಅದರ ಕೆಳಗೆ ಪ್ರಾಯೋಜಕರ ಹೆಸರು. ಆ ಶಾಲೆಯಲ್ಲಿ ಕನ್ನಡ ಓದಬಲ್ಲವರು ಒಬ್ಬರೂ ಇಲ್ಲ. ಪಕ್ಕದಲ್ಲಿ ಎಳ್ಳುಬೆಲ್ಲದ ಪೊಟ್ಟಣ, ಕಾಲು ಕೆಜಿ, ಹಲ್ಲಿಲ್ಲದ ಬಾಯಿಗೆ ಒಣಕೊಬ್ಬರಿಯ ಚೂರು. ಡಯಾಪರಿನ ಎರಡೂ ಪಾಕೀಟುಗಳು ಇರಲಿಲ್ಲ.

ಸಂಘದ ಕಾರ್ಯದರ್ಶಿ ಅಭಿಲಾಷ ಹೊರಗೆ ಬ್ಯಾನರು ಕಟ್ಟಿಸುತ್ತಿದ್ದ. ಮೈಸೂರಿನ ಹುಡುಗ, ಇಲ್ಲಿ ಐಟಿ ಕಂಪನಿಯಲ್ಲಿದ್ದಾನೆ. ಕೂಗಿದೆ. ಬಂದ.

“ಏನ್ರಿ ಇದು?”

“ಮೊಮೆಂಟೋ, ಆಂಟಿ. ನಿಮ್ಗೆ ಸರ್‌ಪ್ರೈಸ್ ಕೊಡೋಣ ಅಂತ ನೆನ್ನೆ ಸಂಜೆ ಹಾಕಿಸ್ದೆ. ಫಿನಿಶಿಂಗ್ ನೋಡಿ, ಲೇಸರ್ ಕಟ್.”

“ಅದು ಕಾಣ್ತದ. ಇದರಾಗ ನಾ ಇಟ್ಟಿದ್ದು ಎಲ್ಲಿ ಹೋತು?”

“ಏನಿಟ್ಟಿದ್ರಿ?”

ಅವನು ನಾಟಕ ಮಾಡುತ್ತಿರಲಿಲ್ಲ, ನಿಜವಾಗಿಯೂ ಅವನಿಗೆ ಗೊತ್ತಿರಲಿಲ್ಲ. ಗೊತ್ತಾಗದಂತೆ ಮಾಡಿದವಳು ನಾನೇ. ಸಭೆಯಲ್ಲಿ ಪಟ್ಟಿ ಓದುವಾಗ, ಎದುರು ಹತ್ತು ಗಂಡಸರು ಕೂತಿದ್ದಾರೆಂದು, ಆ ಹದಿನಾಲ್ಕು ಹೆಸರುಗಳ ಮುಂದೆ ‘ಇತರೆ ಆರೋಗ್ಯ ಸಾಮಗ್ರಿ’ ಎಂದು ಓದಿದ್ದೆ. ಡಬ್ಬದ ಮೇಲಿನ ಚೀಟಿಯಲ್ಲಿ ‘ಬಟ್ಟೆ’ ಎಂದು ಬರೆದಿದ್ದೆ. ಎಂ.ಎಸ್ಸಿ. ಮಾಡಿದ, ಕಾರ್ಖಾನೆಗೆ ಸೇರುವ ಮುಂಚೆ ಲ್ಯಾಬಿನಲ್ಲಿ ಮೂತ್ರದ ಮಾದರಿಗಳನ್ನು ವರ್ಷಗಟ್ಟಲೆ ಪರೀಕ್ಷಿಸಿದ ಹೆಂಗಸು ನಾನು.

“ನಾನೇ ತೆಗೆಸ್ದೆ, ಶಿವಕಾಂತಾ,” ಎಂದು ಹಿಂದಿನಿಂದ ಅನ್ನಪೂರ್ಣಮ್ಮನವರ ದನಿ ಬಂತು.

ಅನ್ನಪೂರ್ಣಮ್ಮ ಸಂಘದ ಅಧ್ಯಕ್ಷೆ. ತುಮಕೂರಿನವರು, ವಯಸ್ಸು ಎಪ್ಪತ್ತೊಂದು, ಪುಣೆಗೆ ಬಂದು ನಲವತ್ತು ವರ್ಷ. ಕೈಯಲ್ಲಿ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಒಂದೊಂದೇ ಡಬ್ಬಕ್ಕೆ ಬೊಟ್ಟಿಡುತ್ತಾ ಬರುತ್ತಿದ್ದರು. ಹದಿನೆಂಟನೆಯ ಡಬ್ಬದವರೆಗೆ ಬಂದಿದ್ದರು.

“ಯಾಕ ತೆಗಸಿದ್ರಿ?”

“ಉಳಿದ ಡಬ್ಬಗಳಲ್ಲಿ ಜಾಗ ಇತ್ತು, ಸುಮ್ನೆ ಇಟ್ವಿ. ಈ ಹದಿನಾಲ್ಕರಲ್ಲಿ ಇರ್ಲಿಲ್ಲ. ಇದ್ದಿದ್ರೂ ಅಷ್ಟೇ. ತಾಯಿ ಫೋಟೋ ಪಕ್ಕ ಅಂಥದ್ದನ್ನ ಇಡೋಕಾಗತ್ತಾ? ಕುಂಕುಮ ಬೇರೆ ಇದೆ.”

“ಅಂಥದ್ದು ಅಂದ್ರ ಎಂಥದ್ರಿ?”

“ಗೊತ್ತಿದ್ದೂ ಕೇಳ್ತೀರಲ್ಲ. ನಾನು ಆ ಮಾತು ಬಾಯಲ್ಲಿ ಆಡಲ್ಲ.”

“ಆಡಬ್ಯಾಡ್ರಿ. ಎಲ್ಲಿಟ್ಟೀರಿ ಅಷ್ಟ ಹೇಳ್ರಿ.”

“ಎಸೀಲಿಲ್ಲಮ್ಮ. ನಾನೇನು ಅಷ್ಟು ಕೆಟ್ಟವಳಾ? ದೇವಾನಂದನ ಟೆಂಪೋದಲ್ಲಿ ಕಳ್ಸಿದ್ದೀನಿ. ಸಾಸವಡದಲ್ಲಿ ಒಂದು ವೃದ್ಧಾಶ್ರಮ ಇದೆ. ಅಲ್ಲೂ ವಯಸ್ಸಾದವರೇ ತಾನೇ ಇರೋದು. ಪುಣ್ಯ ಎಲ್ಲಿ ಮಾಡಿದರೂ ಪುಣ್ಯ.”

ಸಿಟ್ಟು ಬಂದಾಗ ನನಗೆ ಕೂಗಲು ಬರುವುದಿಲ್ಲ, ಅಂಕಿಗಳು ಬಾಯಿಗೆ ಬರುತ್ತವೆ. “ಹದಿನಾಲ್ಕ ಮಂದಿ, ಇನ್ನೂರಾ ಎಂಬತ್ತ ಡಯಾಪರ್, ಹತ್ತ ದಿವಸ,” ಎಂದೆ. ಆ ಪದ ಕೇಳಿ ಕುರ್ಚಿ ಜೋಡಿಸುತ್ತಿದ್ದ ಇಬ್ಬರು ಗಂಡಸರು ನೆಲ ನೋಡಿದರು.

ತಲೆಯ ಮೇಲೆ ವಿಮಾನವೊಂದು ಇಳಿಯುತ್ತಿತ್ತು. ಸದ್ದು ದಾಟುವವರೆಗೆ ಎಲ್ಲರೂ ಅಭ್ಯಾಸದಂತೆ ಬಾಯಿ ಮುಚ್ಚಿ ನಿಂತೆವು. ಅಷ್ಟರಲ್ಲಿ, ಬಾಗಿಲಲ್ಲಿ ನನ್ನ ಮಾತು ಕೇಳಿಸಿಕೊಂಡಿದ್ದ ಮುನಿಸ್ವಾಮಿ ಒಳಗೆ ಬಂದು, ತೆರೆದ ಡಬ್ಬವನ್ನೂ ನನ್ನ ಮುಖವನ್ನೂ ನೋಡಿ, ಸ್ಮರಣಿಕೆಯನ್ನು ಕೈಯಲ್ಲಿ ಎತ್ತಿ ತೂಗಿದರು.

“ಮೇಡಂ, ಇದನ್ನ ಸೊಂಟಕ್ಕೆ ಕಟ್ಕೊಳಕ್ಕಾಗಲ್ಲ ಅಂತ ಇವ್ರಿಗೆ ಯಾರಾದ್ರೂ ಹೇಳಿದ್ರಾ?”

“ಮುನಿಸ್ವಾಮಿ, ನಾಲಿಗೆ ಬಿಗಿ ಹಿಡಿದು ಮಾತಾಡಿ,” ಎಂದರು ಅನ್ನಪೂರ್ಣಮ್ಮ.

“ಬಿಗಿ ಹಿಡಿದಿದ್ದಕ್ಕೇ ಇಷ್ಟೇ ಹೊರಗೆ ಬಂತಮ್ಮಾ.”

ಅಭಿಲಾಷ ನಗಲು ನೋಡಿದ. ನಾನು ನಗಲಿಲ್ಲವೆಂದು ನಿಲ್ಲಿಸಿದ.

ದೇವಾನಂದ ಹೊರಗೆ ಟೆಂಪೋದ ನೆರಳಿನಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಆಳಂದದ ಕಡೆಯವನು, ಯೆರವಡಾದಲ್ಲಿ ಮನೆ. ನನ್ನನ್ನು ಕಂಡು ಎದ್ದು ನಿಂತ.

“ಬಾಯಾರ, ನಾ ಕೇಳ್ದೆರಿ. ಇವು ಲಂಕಾಕ್ಕ ಹೋಗೂವು ಅಲ್ಲೇನು ಅಂತ. ಅಮ್ಮಾರು ಬ್ಯಾಡ ಅಂದ್ರು. ರಾತ್ರಿ ಎಂಟಕ್ಕ ಸಾಸವಡದಾಗ ಇಳಿಸಿ ಬಂದೀನ್ರಿ.”

ಆಶ್ರಮದ ನಂಬರು ಅವನ ಹತ್ತಿರವಿತ್ತು. ಅಲ್ಲಿಯ ಮ್ಯಾನೇಜರ್ ಮರಾಠಿಯಲ್ಲಿ ಬಹಳ ಸಂತೋಷದಿಂದ ಮಾತಾಡಿದ. “ಕಾಲಚ ವಾಟ್ಲೇ, ತಾಯಿ,” ಎಂದ. ನಿನ್ನೆಯೇ ಹಂಚಿಯಾಗಿತ್ತು. ಎರಡು ತಿಂಗಳಿನಿಂದ ಕೇಳುತ್ತಿದ್ದೆವು, ದೇವರು ಕಳಿಸಿದ ಹಾಗೆ ಬಂತು ಎಂದ. ಸಣ್ಣ ಸೈಜಿನ ಎರಡು ಪಾಕೀಟು ಯಾರಿಗೂ ಆಗಲಿಲ್ಲ, ಆದ್ದರಿಂದ ಬಿಚ್ಚಿ ಹಾಸಿಗೆಯ ಮೇಲೆ ಅಡ್ಡ ಹಾಸಿದ್ದೇವೆ ಎಂದ. ಆ ಮುದುಕರ ಚರ್ಮವೂ ಚರ್ಮವೇ. ಬೈಯಲು ಅಲ್ಲಿ ಯಾರೂ ಇರಲಿಲ್ಲ, ಅದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು. ಬಾರಾಮತಿಗೆ ಫೋನು ಮಾಡಿದೆ. ಸಣ್ಣ ಸೈಜು ಬುಧವಾರಕ್ಕಿಂತ ಮುಂಚೆ ಇಲ್ಲ ಎಂದರು.

ಒಳಗೆ ಬಂದು ಎಲ್ಲ ಡಬ್ಬಗಳನ್ನೂ ಬಿಚ್ಚಲು ಕೂತೆ. ಮನೆಯಲ್ಲಿ ಕಟ್ಟಿದ ತಿಂಡಿ ಒಂದಿದ್ದರೂ ಇಡೀ ಸಾಮಾನನ್ನು ತಡೆಯುತ್ತಾರೆ ಎಂದು, ಡಬ್ಬಗಳನ್ನು ಬಿಡಿಸಿಕೊಳ್ಳಲಿದ್ದ ಕೊಲಂಬೊದ ಸೇವಾ ಸಂಸ್ಥೆ ಮೊದಲೇ ಬರೆದಿತ್ತು. ಎಳ್ಳುಬೆಲ್ಲ ಮೂವತ್ತೆಂಟರಲ್ಲೂ ಇತ್ತು.

“ಆಂಟಿ, ಪ್ಲೀಸ್,” ಎಂದು ಅಭಿಲಾಷ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತ. “ಹನ್ನೊಂದಕ್ಕೆ ಸ್ಪಾನ್ಸರ್ ಕಡೆಯಿಂದ ಬರ್ತಾರೆ. ಡಬ್ಬ ಹಿಂಗೆ ಹರಡಿದ್ರೆ ಹೇಗಿರತ್ತೆ? ಫೋಟೋ ಆದ್ಮೇಲೆ ಬಿಚ್ಚೋಣ. ಅರ್ಧ ಗಂಟೆ ಅಷ್ಟೇ.”

“ಲಾರಿ ಒಂದಕ್ಕ ಬರ್ತದ.”

“ಅವ್ರಿಗೆ ಏನಂತ ಹೇಳ್ಲಿ ಈಗ?”

“ಅವರಿಗೆ ನಾ ಹೇಳ್ತೀನಿ. ನೀವು ಕತ್ತರಿ ಹಿಡೀರಿ.”

ಅವನು ಕತ್ತರಿ ಹಿಡಿಯಲಿಲ್ಲ. ಮುನಿಸ್ವಾಮಿ ಹಿಡಿದರು. ದೇವಾನಂದ ಕೈ ತೊಳೆದುಕೊಂಡು ಬಂದು ಇನ್ನೊಂದು ಕತ್ತರಿ ಎತ್ತಿಕೊಂಡ. ಅನ್ನಪೂರ್ಣಮ್ಮ ಬಟ್ಟಲು ಹಿಡಿದು ಅಲ್ಲೇ ನಿಂತಿದ್ದರು. ನಾನು ಒಂದೊಂದೇ ಸ್ಮರಣಿಕೆ ಹೊರಗೆ ತೆಗೆದು ನೆಲದ ಮೇಲೆ ಇಡತೊಡಗಿದಾಗ ಅವರು ಓಡಿಬಂದು ತಮ್ಮ ಸೀರೆಯ ಸೆರಗು ಹಾಸಿದರು.

“ನೆಲದ ಮೇಲೆ ಇಡ್ಬೇಡಿ. ನಿಮಗೇನು ಅನ್ಸಲ್ವಾ?”

“ಅನಸ್ತದ್ರಿ. ಬ್ಯಾರೆ ಏನೋ ಅನಸ್ತದ.”

“ನನಗೆ ಹೇಳ್ಕೊಡ್ಬೇಡಿ ಶಿವಕಾಂತಾ. ನಮ್ಮತ್ತೆ ನಾಲ್ಕು ವರ್ಷ ಹಾಸಿಗೆ ಹಿಡಿದಿದ್ರು. ಹಳೇ ಸೀರೆ ಹರಿದು ದಿನಕ್ಕೆ ಆರು ಸಲ ಬದಲಾಯಿಸ್ತಿದ್ದೆ. ಬಚ್ಚಲ ಹಿಂದೆ ಒಣಗಿಸ್ತಿದ್ದೆ. ಪಕ್ಕದ ಮನೆಯವರಿಗೂ ಗೊತ್ತಾಗಲಿಲ್ಲ. ಅದು ಮರ್ಯಾದೆ. ನೀವು ಅದನ್ನ ಡಬ್ಬಕ್ಕೆ ಹಾಕಿ, ಹೆಸರು ಬರೆದು, ದೇಶ ದಾಟಿಸಿ ಕಳಿಸ್ತೀನಿ ಅಂತೀರಿ. ಆ ಅಜ್ಜಿ ಎಲ್ಲರೆದುರು ಡಬ್ಬ ಬಿಚ್ಚಬೇಕಲ್ಲ, ಆಗ? ಶಾಲು ಹೊದಿಸಿದ್ರೆ ಆಕೆಗೆ ಒಂದು ಗೌರವ. ಅದಕ್ಕೇ ಹೇಳಿದ್ದು.”

ಅದರಲ್ಲಿ ತಪ್ಪೇ ಇಲ್ಲದ ಒಂದು ಭಾಗವಿತ್ತು. ಆ ಭಾಗವೇ ನನ್ನ ಸಿಟ್ಟನ್ನು ಕೆರಳಿಸಿತು. ಅವರು ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

“ನಿಮ್ಮ ಅತ್ತಿಯವರಿಗೆ ಬೆನ್ನಾಗ ಹುಣ್ಣ ಆಗಿತ್ತೇನ್ರಿ?” ಎಂದು ಕೇಳಿದೆ.

ಅವರು ಸೆರಗಿನ ಮೇಲಿನ ಸ್ಮರಣಿಕೆಗಳನ್ನು ಒಂದರ ಮೇಲೊಂದು ನೇರ ಮಾಡಿದರು.

“ಆಗಿತ್ತು,” ಎಂದರು.



ಪ್ರಾಯೋಜಕ ಕಂಪನಿಯಿಂದ ಬಂದವಳು ಶರ್ವರಿ ಎಂಬ ಮರಾಠಿ ಹುಡುಗಿ, ಇಪ್ಪತ್ತೇಳು ಇಪ್ಪತ್ತೆಂಟರವಳು, ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ. ಬಾಗಿಲಲ್ಲಿ ನಿಂತು, ಬಿಚ್ಚಿದ ಡಬ್ಬಗಳನ್ನು ನೋಡಿ, ತಡವಾಯಿತೇ ಎಂದು ಕೇಳಿದಳು. ಅಭಿಲಾಷ ಇಂಗ್ಲಿಷಿನಲ್ಲಿ ‘ಚಿಕ್ಕ ಪ್ಯಾಕಿಂಗ್ ಸಮಸ್ಯೆ’ ಎಂದು ಶುರು ಮಾಡಿದ. ನಾನು ಎದ್ದು ನಿಂತು ವಹಿ ತೆಗೆದೆ. ಹದಿನಾಲ್ಕು ಹೆಸರುಗಳನ್ನು ಒಂದೊಂದಾಗಿ ಓದಿದೆ. ಹೆಸರು, ವಯಸ್ಸು, ಡಯಾಪರಿನ ಸೈಜು, ಚರ್ಮದ ಸ್ಥಿತಿ. ಮರಾಠಿಯಲ್ಲಿ ಓದಿದೆ. ಒಂದು ಪದವನ್ನೂ ಬದಲಾಯಿಸಲಿಲ್ಲ. ಮೂರು ವಾರದ ಹಿಂದೆ ಸಭೆಯಲ್ಲಿ ಹೀಗೆಯೇ ಓದಬೇಕಿತ್ತು.

ಶರ್ವರಿ ಕೊನೆಯವರೆಗೆ ಕೇಳಿದಳು. “ಕುಠಲೀ ಸಾಯಿಝ ಕಿತೀ ಪಾಹಿಜೇ, ಕಾಕೂ?” ಎಂದಳು. ಯಾವ ಸೈಜು ಎಷ್ಟು ಬೇಕೆಂದು ಫೋನಿನಲ್ಲಿ ಬರೆದುಕೊಂಡು, ತನ್ನ ಕಾರು ತೆಗೆದುಕೊಂಡು ಮೆಡಿಕಲ್ ಅಂಗಡಿಗಳಿಗೆ ಹೊರಟಳು. ಅಭಿಲಾಷ ಯಾರ ಮನಸ್ಸು ಕೆಟ್ಟೀತೆಂದು ಬೆಳಗಿನಿಂದ ಬೆವರುತ್ತಿದ್ದನೋ ಆಕೆ ಫೋಟೋದ ಮಾತೇ ಎತ್ತಲಿಲ್ಲ.

“ಇವ್ರಿಂದ ಬಚ್ಚಿಡ್ಬೇಕು ಅಂತಿದ್ರಲ್ಲ, ಅಭಿಲಾಷ,” ಎಂದರು ಮುನಿಸ್ವಾಮಿ, ಟೇಪು ಹರಿಯುತ್ತಾ. “ಆಯಮ್ಮನೇ ಶಾಪಿಂಗ್ ಹೋದ್ಲು.”

“ಸರ್, ನನಗೆ ಯಾರೂ ಹೇಳಲೇ ಇಲ್ಲ ಡಬ್ಬದಲ್ಲಿ ಏನಿದೆ ಅಂತ.”

ಅದು ನನಗೆ ತಾಗಿದ ಮಾತು.

ಹನ್ನೆರಡೂ ಮುಕ್ಕಾಲಿಗೆ ಶರ್ವರಿ ಏಳು ಅಂಗಡಿ ತಿರುಗಿ ಬಂದಳು. ಮಧ್ಯಮ ಮತ್ತು ದೊಡ್ಡ ಸೈಜಿನ ಇಪ್ಪತ್ತಾರು ಪಾಕೀಟು ಸಿಕ್ಕಿದ್ದವು. ಮೇಲೆ ಎರಡು ಮಧ್ಯಮ ಹೆಚ್ಚಿಗೆ ತಂದಿದ್ದಳು. ಸಣ್ಣದು ಎಲ್ಲಿಯೂ ಇಲ್ಲ ಎಂದಳು, ಆಕೆಯದೇ ತಪ್ಪು ಎನ್ನುವ ಹಾಗೆ. ಹದಿಮೂರು ಡಬ್ಬ ಸರಿಯಾದವು. ಇಪ್ಪತ್ತಮೂರನೆಯದರಲ್ಲಿ ಮಧ್ಯಮ ಸೈಜಿನ ಎರಡು ಪಾಕೀಟು ಇಟ್ಟೆ. 33 ಕೆಜಿಯ ಮೈಗೆ ಅದು ಎರಡೂ ತೊಡೆಯ ಕಡೆ ಬಾಯಿ ಬಿಡುತ್ತದೆ ಎಂದು ಇಡುವಾಗಲೇ ಗೊತ್ತಿತ್ತು. ಶಾಲನ್ನು ಹಾಗೇ ಬಿಟ್ಟೆ, ಅಲ್ಲಿ ಚಳಿ ಇರುತ್ತದೆ. ಮುಚ್ಚಳದ ಮೇಲಿನ ‘ಬಟ್ಟೆ’ ಎಂಬ ಚೀಟಿ ಹರಿದು ಒಳಗಿದ್ದದ್ದನ್ನು ಇದ್ದ ಹಾಗೆ ಬರೆದೆ. ಒಂದೂ ಹತ್ತಕ್ಕೆ ಲಾರಿ ಹೋಯಿತು.

ಬುಧವಾರ ಬಾರಾಮತಿಯಿಂದ ಸಣ್ಣ ಸೈಜು ಬಂತು. ಗುರುವಾರ ಕೊರಿಯರಿಗೆ ಕೊಟ್ಟೆ. ಅದು ಕೊಲಂಬೊದಲ್ಲಿ ಸುಂಕದವರ ಕೋಣೆಯಲ್ಲಿ ಕೂತಿತು. ಸಂಸ್ಥೆಯ ಹೆಸರಿನಲ್ಲಿ ಹೋದ ಸಾಮಾನಿಗೆ ಒಂದು ಕಾಗದ ಸಾಕು, ಒಬ್ಬಳೇ ಕಳಿಸಿದ್ದಕ್ಕೆ ನಾಲ್ಕು ಬೇಕು. ನಾಲ್ಕನ್ನೂ ಮಾಡಿಸುವಷ್ಟರಲ್ಲಿ ಜನವರಿ ಮುಗಿಯಿತು.

ಇತ್ತ ಪುಷ್ಪರಾಣಿಯ ಸಂದೇಶಗಳು ಬಂದವು. 25ರಂದು ಡಬ್ಬಗಳು ತಲುಪಿದವು, ಹದಿಮೂರು ಮಂದಿ ಚೆನ್ನಾಗಿದ್ದಾರೆ. 26ರಂದು ಮರುದಾಯಿಯದು ಸೋರುತ್ತಿದೆ, ಬಟ್ಟೆ ಮಡಚಿ ಒಳಗಿಟ್ಟು ನೋಡುತ್ತೇನೆ. 28ರಂದು ಮಡಚಿದ ಬಟ್ಟೆಯೇ ಒತ್ತುತ್ತಿದೆ, ತೆಗೆದೆ. 29ರಂದು ಚರ್ಮ ಒಡೆದಿದೆ. ಫೋಟೋ ಕಳಿಸಲೇ ಎಂದು ಕೇಳಿದಳು. ಬೇಡ, ಆ ಹೆಂಗಸಿನ ಬೆನ್ನು ನಮ್ಮ ಫೋನುಗಳಲ್ಲಿ ತಿರುಗುವುದು ಬೇಡ, ಸ್ಕೇಲು ಹಿಡಿದು ಅಳತೆ ಮಾತ್ರ ಕಳಿಸು ಎಂದೆ. ಫೆಬ್ರವರಿ 3ರಂದು ಕಳಿಸಿದಳು.

ಅದೇ ದಿನ ಅಭಿಲಾಷ ಸಂಘದ ವಾರ್ಷಿಕ ವರದಿಯ ಕರಡು ಕಳಿಸಿ, ತಪ್ಪಿದ್ದರೆ ತಿದ್ದಿ ಎಂದಿದ್ದ. ಎರಡನೆಯ ಪುಟದಲ್ಲಿ ಹೀಗಿತ್ತು: ‘ಶ್ರೀಲಂಕೆಯ ಪ್ರಕೃತಿ ವಿಕೋಪದಲ್ಲಿ ಬದುಕುಳಿದ 38 ಹಿರಿಯ ಜೀವಗಳಿಗೆ ಸಂಘದ ವತಿಯಿಂದ ಸನ್ಮಾನ ಸಲ್ಲಿಸಲಾಯಿತು. ಕಾರ್ಯಕ್ರಮ ಸಂಪೂರ್ಣ ಯಶಸ್ವಿಯಾಯಿತು.’ ನಾನು ‘ಸನ್ಮಾನ’ ಹೊಡೆದುಹಾಕಿ ಏನು ಕಳಿಸಿದೆವೋ ಅದನ್ನು ಬರೆದೆ. ‘ಸಂಪೂರ್ಣ ಯಶಸ್ವಿ’ ಎಂಬುದನ್ನು ಹೊಡೆದೆ. ಅದರ ಜಾಗದಲ್ಲಿ ಒಂದು ಸಾಲು ಸೇರಿಸಿದೆ.

ಅಭಿಲಾಷ ಫೋನು ಮಾಡಿದ. “ಆಂಟಿ, ಮೂವತ್ತೇಳು ಚೆನ್ನಾಗಾಗಿದೆಯಲ್ಲ. ಒಂದಕ್ಕೋಸ್ಕರ ಯಾಕೆ ನೆಗೆಟಿವ್? ಇದನ್ನ ಮೆಂಬರ್ಸ್ ಎಲ್ಲಾ ಓದ್ತಾರೆ.”

“ಓದ್ಲಿ ಅಂತಾನ ಬರದೀನಿ.”

“ಅಧ್ಯಕ್ಷರು ಸೈನ್ ಮಾಡಲ್ಲ.”

“ಕೇಳ್ತೀನಿ.”

ಮರುದಿನ ಬೆಳಿಗ್ಗೆ ಅಚ್ಚು ಹಾಕಿಸಿದ ಪ್ರತಿ ಹಿಡಿದು ಅನ್ನಪೂರ್ಣಮ್ಮನವರ ಮನೆಗೆ ಹೋದೆ. ಅವರು ಬಾ ಎನ್ನಲಿಲ್ಲ, ಬಾಗಿಲು ತೆರೆದು ಪಕ್ಕಕ್ಕೆ ಸರಿದರು. ಕನ್ನಡಕ ಹಾಕಿಕೊಂಡು ಎರಡನೆಯ ಪುಟ ಓದಿದರು. ನಾನು ಸೇರಿಸಿದ ಸಾಲಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದರು.

“ಕೀವು ಇದೆಯಂತಾ?”

“ಇನ್ನ ಇಲ್ಲ ಅಂತ ಬರದಾಳ್ರಿ.”

“ಈ ಅಳತೆಗೆ ಬಂದ್ರೆ ಮೂರು ದಿನದಲ್ಲಿ ಆಗತ್ತೆ,” ಎಂದರು. ಆ ದನಿಯಲ್ಲಿ ವಾದ ಇರಲಿಲ್ಲ. ಗೊತ್ತಿದ್ದವರು ಗೊತ್ತಿದ್ದನ್ನು ಹೇಳುವ ದನಿ. “ನಮ್ಮತ್ತೇದು ಇಷ್ಟಿರುವಾಗಲೇ ಆಗಿತ್ತು.”

ಇಷ್ಟು ತಿಳಿದ ಕೈ ಆ ಎರಡು ಪಾಕೀಟುಗಳನ್ನು ತೆಗೆದು ಬದಿಗಿಟ್ಟಿತಲ್ಲ ಎಂದು ನನಗೆ ಆಗ ಬಂದ ಸಿಟ್ಟು ಸಭಾಂಗಣದಲ್ಲಿ ಬಂದದ್ದಕ್ಕಿಂತ ದೊಡ್ಡದು. ಅವರು ಪೆನ್ನು ಕೇಳಿದರು. ಕೊಟ್ಟೆ. ಒಂದಕ್ಷರವನ್ನೂ ಬದಲಾಯಿಸದೆ ಸಹಿ ಹಾಕಿ, ಕಾಗದವನ್ನು ನನ್ನ ಕಡೆ ತಳ್ಳಿದರು. ಚಹಾ ಮಾಡಲೇ ಎಂದರು. ಬೇಡ ಎಂದೆ. ಅವರ ಸಹಿಯಿಂದ ನನ್ನ ಸಿಟ್ಟು ಇಳಿಯಲಿಲ್ಲ, ಅದು ಇಳಿಯಲಿ ಎಂದು ಅವರೂ ಸಹಿ ಹಾಕಿದ್ದಲ್ಲ.

ವರದಿ ಆ ಶನಿವಾರ ನಾಲ್ಕು ನೂರ ಹನ್ನೆರಡು ಸದಸ್ಯರಿಗೆ ಹೋಯಿತು. ಎರಡನೆಯ ಪುಟದಲ್ಲಿ ನಾನು ಸೇರಿಸಿದ ಸಾಲು ಇದು:

ಮರುದಾಯಿ, 79 ವರ್ಷ, ಕೇಳಿದ್ದನ್ನು ನಾವು ಕಳಿಸಲಿಲ್ಲ. ಬೆನ್ನಿನ ಕೆಳಗಿನ ಹುಣ್ಣು, ಫೆಬ್ರವರಿ 3ರ ಅಳತೆ, ಉದ್ದ 4.2 ಸೆಂಟಿಮೀಟರ್, ಅಗಲ 3.1 ಸೆಂಟಿಮೀಟರ್.